ಉಡಿಯಲ್ಲಿ ತಂದ ತೋಳ

ದೇವರನ್ನು ಕಂಡೆ ಎಂದು ಹೇಳಿಕೊಳ್ಳುವವರು ನಮ್ಮ ಸೀಮೆಯಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಆದರೆ ದೇವರ ಮೈ ಎಷ್ಟು ಬಿಸಿಯಾಗಿದೆ ಎಂದು ಪರದೆಯ ಮೇಲೆ ನೋಡಿ, ಒಂದು ಗುಂಡಿ ಒತ್ತಿ, ಆತನನ್ನು ಚಳಿಗೆ ಗಡಗಡ ನಡುಗಿಸಿದವನು ಮೂರು ಲೋಕದಲ್ಲಿ ನಾನೊಬ್ಬನೇ.

ನನ್ನ ಹೆಸರು ಗೊಲ್ಲಾಳಪ್ಪ. ತಿಕೋಟಾದಾಚೆ ಕಣಮಡ್ಡಿ ಎಂಬ ಊರಿನ ವೈನ್ ಕಾರ್ಖಾನೆಯಲ್ಲಿ ಕಂಟ್ರೋಲ್ ರೂಮಿನ ಆಪರೇಟರ್. ಹೆಸರಿಗಷ್ಟೇ ಆಪರೇಟರ್. ನಾನು ಕುರ್ಚಿ ಬಿಟ್ಟು ಎದ್ದರೆ ವಿಜಯಪುರ ಜಿಲ್ಲೆಯ ದ್ರಾಕ್ಷಿಯೆಲ್ಲ ಬಳ್ಳಿಯಲ್ಲೇ ಕೊಳೆಯುತ್ತಿತ್ತು. ನಾನು ಕೆಮ್ಮಿದರೆ ಹತ್ತಾಳೆತ್ತರದ ಉಕ್ಕಿನ ಟ್ಯಾಂಕುಗಳು ಬೆನ್ನು ನೆಟ್ಟಗೆ ಮಾಡಿ ನಿಲ್ಲುತ್ತಿದ್ದವು.

ಅಲ್ಲಿಯ ಮ್ಯಾನೇಜರ್ ನನ್ನ ಅಕ್ಕನ ಮಗ ಪರಮಾನಂದ. ನಾಸಿಕಕ್ಕೆ ಹೋಗಿ ವೈನಿನ ವಿದ್ಯೆ ಕಲಿತು ಬಂದ ಹುಡುಗ. ಅವನ ಮೂಗಿನ ವಿಷಯ ಹೇಳುವುದಾದರೆ, ಸೊಲ್ಲಾಪುರದಲ್ಲಿ ಯಾರಾದರೂ ಬಾಟಲಿಯ ಬಿರಡೆ ತೆಗೆದರೆ ಇಲ್ಲಿ ಕುಳಿತು ಯಾವ ವರ್ಷದ ಮಾಲು ಎಂದು ಹೇಳುತ್ತಿದ್ದ. ಆ ಮೂಗನ್ನು ಸಾಕಿದವಳು ನನ್ನ ಅಕ್ಕ ನೀಲಗಂಗವ್ವ. ಗಂಡ ಸತ್ತ ಮೇಲೆ ಊರವರ ದ್ರಾಕ್ಷಿ ತೋಟಗಳಲ್ಲಿ ದುಡಿದು ಮಗನನ್ನು ಓದಿಸಿದಳು. ಮಗ ಮ್ಯಾನೇಜರ್ ಆದ ಮೇಲೂ ಕೆಲಸ ಬಿಡಲಿಲ್ಲ. ಚಾಟ್ನಿ ಮಾಡುವ, ಅಂದರೆ ಬಳ್ಳಿ ಸವರುವ, ಗೊನೆ ಕೊಯ್ಯುವ ನಲವತ್ತು ಹೆಂಗಸರ ಗ್ಯಾಂಗಿಗೆ ಆಕೆಯೇ ಮುಂದಾಳು. ಮನೆಯಲ್ಲಿ ಕೂಡ್ರಬಾರದೇ ಎಂದು ಮಗ ಕೇಳಿದಾಗಲೆಲ್ಲ, ಕೂತರೆ ಕಾಲಿಗೆ ಬೇರು ಬಿಡ್ತಾವ ಎಂದು ನಗುತ್ತಿದ್ದಳು.

ಆ ವರ್ಷ ಕಾರ್ಖಾನೆಗೆ ಒಂದು ಚಿಕ್ಕ ಗಾಜಿನ ಕೊಳವೆ ಬಂತು. ಗ್ರೀಸ್ ದೇಶದ ಸಮುದ್ರದ ತಳದಲ್ಲಿ ಮುಳುಗಿದ ಹಡಗೊಂದರಲ್ಲಿ, ಅರಗು ಬಳಿದು ಬಾಯಿ ಮುಚ್ಚಿದ ಮಣ್ಣಿನ ಹೂಜಿ ಸಿಕ್ಕಿತ್ತಂತೆ. ಅದರ ಗಸಿಯಲ್ಲಿ ಎರಡೂವರೆ ಸಾವಿರ ವರ್ಷದಿಂದ ಮಲಗಿದ್ದ ಯೀಸ್ಟ್ ಕಣಗಳು. ಹೊರದೇಶದ ಪ್ರಯೋಗಾಲಯದವರು ಅವನ್ನು ಎಬ್ಬಿಸಿದ್ದರು. ಪರಮಾನಂದ ಅದಕ್ಕೆ ಡಯೋನೈಸಸ್ ಎಂದು ಹೆಸರಿಟ್ಟ.

ಅದು ಯಾರಪ್ಪಾ ಎಂದು ಅಕ್ಕ ಕೇಳಿದಳು. ಮಗನಿಗೆ ಮಧ್ಯಾಹ್ನದ ಬುತ್ತಿ ತಂದು ಲ್ಯಾಬಿನಲ್ಲೇ ಕುಳಿತಿದ್ದಳು. ಅವನು ರೊಟ್ಟಿ ಮುರಿಯುತ್ತ ಹೇಳಿದ: ಗ್ರೀಕರ ದ್ರಾಕ್ಷಾರಸದ ದೇವರು. ತಲೆಗೆ ಬಳ್ಳಿ ಸುತ್ತಿಕೊಂಡು ಚಿರತೆಯ ಮೇಲೆ ಕೂತು ಬರುತ್ತಾನೆ. ಅವನು ಬಂದ ಊರಿನ ಹೆಂಗಸರು ಮಗ್ಗ, ತೊಟ್ಟಿಲು ಬಿಟ್ಟು ಗುಡ್ಡ ಹತ್ತುತ್ತಾರೆ. ಒಂದೇ ಮೈಯವರಂತೆ ಕುಣಿಯುತ್ತಾರೆ. ಎದುರು ಸಿಕ್ಕ ಹೋರಿಯನ್ನು ಬರಿಗೈಯಿಂದ ಹರಿದು ಹಾಕುತ್ತಾರೆ. ಈಗಿನ ಇಂಗ್ಲಿಷ್ ಕಾದಂಬರಿಗಳಲ್ಲಿ ಮಾತ್ರ ಅವನಿಗೆ ಹೊಟ್ಟೆ ಬಂದಿದೆ, ಸಿಡುಕುತ್ತ ಮೂಲೆಯಲ್ಲಿ ಕೂಡ್ರುತ್ತಾನೆ, ಮಕ್ಕಳು ಓದಿ ನಗುತ್ತಾರೆ.

“ಕುಡದು ಸಿಡುಕೋ ದೇವ್ರಿಗೆ ಅಷ್ಟು ದೂರ ಯಾಕ ಹೋಗ್ಬೇಕು,” ಎಂದಳು ಅಕ್ಕ. “ನಿಮ್ಮ ಮಾಮಾನ ಮನಿ ಇಲ್ಲೇ ಐತಲ್ಲ.”

ಮೇಜಿನ ಮೇಲೆ ಬಾಟಲಿಯೊಂದರಲ್ಲಿ ಆ ಯೀಸ್ಟು ನೊರೆಯಾಗಿ ಉಕ್ಕಿತ್ತು. ಹಲಸು, ಮಳೆ ಬಿದ್ದ ಮಣ್ಣು, ಹಸುಗೂಸಿನ ನೆತ್ತಿ, ಮೂರೂ ಕೂಡಿದ ವಾಸನೆ. ಇದೇನು ಎಂದು ಅಕ್ಕ ಕೇಳಿದಳು. ಹೆಪ್ಪು ಇದ್ದಂಗ ಅವ್ವಾ ಎಂದು ಮಗ ಹೇಳಿ, ಫೋನ್ ಬಂತೆಂದು ಆಚೆ ಹೋದ.

ಅಷ್ಟೇ ಸಾಕಾಯಿತು. ನಮ್ಮ ಹೆಂಗಸರಿಗೆ ಒಳ್ಳೆಯ ಹೆಪ್ಪು ಕಂಡರೆ ಕೈ ನಿಲ್ಲುವುದಿಲ್ಲ. ಯಾರ ಮನೆಗೆ ಹೋದರೂ ಮೊಸರು ಗಟ್ಟಿಯಿದ್ದರೆ ಒಂದು ಚಮಚ ಬೇಡಿ ತರುವುದೇ. ಬೇಡಿದವರಿಗೆ ಇಲ್ಲ ಎನ್ನುವ ಮನೆ ಕಣಮಡ್ಡಿಯಲ್ಲಿಲ್ಲ. ವೈರಿಯಾದರೂ ಹೆಪ್ಪಿನ ಬಟ್ಟಲು ತುಂಬಿ ಕಳಿಸುತ್ತಾರೆ. ಅಕ್ಕ ಬುತ್ತಿಯ ಬಟ್ಟಲಿನಲ್ಲಿ ಒಂದು ಚಮಚ ನೊರೆ ತೆಗೆದುಕೊಂಡು ಹೋಗಿ ತನ್ನ ಜೋಳದ ಅಂಬಲಿಗೆ ಕದಡಿದಳು. ಮರುದಿನ ತೋಟದಲ್ಲಿ ಆ ಅಂಬಲಿ ಕುಡಿದ ಗ್ಯಾಂಗಿನವರು ನನಗೂ ಸ್ವಲ್ಪ, ನನಗೂ ಸ್ವಲ್ಪ ಎಂದು ಬಟ್ಟಲು ಹಿಡಿದರು. ವಾರ ಕಳೆಯುವುದರೊಳಗೆ ಗ್ರೀಸ್ ದೇಶದ ದೇವರು ಕಣಮಡ್ಡಿಯ ಒಲೆ ಒಲೆಯ ಪಕ್ಕದ ಗಡಿಗೆಯಲ್ಲಿ ಕುಳಿತಿದ್ದ.

ಆ ಅಂಬಲಿಯ ರುಚಿ ಹೇಳುತ್ತೇನೆ ಕೇಳಿ. ಒಂದು ಬಟ್ಟಲು ಕುಡಿದು ನಾನು ಮೂರು ದಿನ ಯಾರನ್ನೂ ಬೈಯಲಿಲ್ಲ. ನನ್ನ ಹೆಂಡತಿ ಹೆದರಿ ಡಾಕ್ಟರರನ್ನು ಕರೆಸಿದಳು. ಊರಿನಲ್ಲಿ ನಲ್ಲಿಯ ಮುಂದಿನ ಜಗಳ ನಿಂತಿತು. ಬದುವಿಗಾಗಿ ಕೋರ್ಟಿಗೆ ಅಲೆಯುತ್ತಿದ್ದ ಅಣ್ಣತಮ್ಮಂದಿರು ಒಂದೇ ಬೈಕಿನಲ್ಲಿ ವಿಜಯಪುರಕ್ಕೆ ಹೋಗಿ ಇಬ್ಬರು ವಕೀಲರಿಗೂ ಕೈ ಮುಗಿದು ಬಂದರು. ಅತ್ತೆ ಬಾಯಿ ತೆರೆಯುವ ಮೊದಲೇ ಸೊಸೆ ನೀರಿನ ತಂಬಿಗೆ ಹಿಡಿದು ನಿಲ್ಲುತ್ತಿದ್ದಳು. ಗ್ಯಾಂಗಿನ ನಲವತ್ತು ಕತ್ತರಿಗಳು ಒಂದೇ ಸಲ ಕಚ್ಚಿ ಒಂದೇ ಸಲ ಬಿಡುತ್ತಿದ್ದವು. ಆ ಸದ್ದಿಗೆ ತೋಟದ ಗುಬ್ಬಿಗಳು ತಾಳ ಹಾಕುತ್ತಿದ್ದವು ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ, ಗುಬ್ಬಿಗಳಿಗೆ ಗೊತ್ತು.

ಅದು ಹಿತವಾಗಿತ್ತು. ಎಲ್ಲರೂ ಒಬ್ಬರೇ ಆಗುವುದು ಇಷ್ಟು ಹಿತವೆಂದು ನಮಗೆ ಮೊದಲು ಯಾರೂ ಹೇಳಿರಲಿಲ್ಲ.

ಫೆಬ್ರವರಿಯಲ್ಲಿ ಕೊಯ್ಲು ಶುರುವಾಯಿತು. ಪರಮಾನಂದ ದೊಡ್ಡ ಟ್ಯಾಂಕಿಗೆ ದ್ರಾಕ್ಷಿಯ ರಸ ತುಂಬಿಸಿ, ಆ ಯೀಸ್ಟ್ ಬಿಟ್ಟ. ಮೂರನೆಯ ದಿನ ಬೆಳಿಗ್ಗೆ ಟ್ಯಾಂಕು ಕುದಿಯುವ ಹಂತಕ್ಕೆ ಬಂತು. ಅದರ ಗುಡುಗು ಕೇಳಿ ಬಾಗಲಕೋಟೆಯವರು ಕೊಡೆ ಬಿಚ್ಚಿದರಂತೆ.

ಆಗ ಲ್ಯಾಬಿನ ಡಾಕ್ಟರ್ ಕುಮುದಿನಿ ಜಾಲವಾದಿ ಕಂಟ್ರೋಲ್ ರೂಮಿಗೆ ಬಂದರು. ಆಕೆ ಯಾವತ್ತೂ ಅವಸರ ಮಾಡಿದವರಲ್ಲ. ಆವತ್ತು ಚಪ್ಪಲಿ ಒಂದೇ ಕಾಲಿನಲ್ಲಿತ್ತು. ಪರಮಾನಂದನೂ ಅಲ್ಲೇ ಇದ್ದ. ಇಬ್ಬರನ್ನೂ ಲ್ಯಾಬಿಗೆ ಎಳೆದುಕೊಂಡು ಹೋಗಿ ಇಲಿಗಳ ಪಂಜರ ತೋರಿಸಿದರು.

ಈ ಯೀಸ್ಟು ದ್ರಾಕ್ಷಿಯ ಸಕ್ಕರೆ ತಿಂದಾಗ ಒಂದು ಹೊಸ ಆವಿ ಬಿಡುತ್ತದೆ ಎಂದರು ಡಾಕ್ಟರ್. ಹೊಟ್ಟೆಯಲ್ಲಿ ಮೊದಲೇ ಈ ಯೀಸ್ಟ್ ನೆಲೆಸಿದ್ದರೆ, ಆ ಆವಿ ಮಿದುಳಿಗೆ ಹೋಗಿ ನಾನು, ನೀನು ಎಂಬ ಗೆರೆಯನ್ನು ಅಳಿಸಿಬಿಡುತ್ತದೆ. ಪಂಜರದಲ್ಲಿ ಏಳು ಇಲಿಗಳಿದ್ದವು. ಏಳೂ ಒಂದೇ ಇಲಿಯಂತೆ ತಿರುಗುತ್ತಿದ್ದವು, ಒಂದೇ ಸಲ ಮೂಗು ಮೇಲೆತ್ತುತ್ತಿದ್ದವು. ಡಾಕ್ಟರ್ ಎಂಟನೆಯದನ್ನು ಒಳಗೆ ಬಿಟ್ಟರು. ಅದಕ್ಕೆ ಯೀಸ್ಟೂ ತಿನ್ನಿಸಿರಲಿಲ್ಲ, ಆವಿಯೂ ತಾಗಿರಲಿಲ್ಲ. ನಾನು ರೆಪ್ಪೆ ಬಡಿದೆ. ಕಣ್ಣು ತೆರೆದಾಗ ಗಾಜಿಗೆ ರಕ್ತ ಸಿಡಿದಿತ್ತು. ಎಂಟನೆಯದರ ಬಾಲ ಮಾತ್ರ ನೆಲದ ಮೇಲೆ ಹೊರಳುತ್ತಿತ್ತು. ತಮ್ಮೊಳಗೆ ಸೇರದವರು ಅವಕ್ಕೆ ತಮ್ಮ ಜಾತಿಯವರಾಗಿ ಕಾಣುವುದೇ ಇಲ್ಲ, ಕಾಡುಮೃಗವಾಗಿ ಕಾಣುತ್ತಾರೆ ಎಂದರು ಡಾಕ್ಟರ್.

ಹಾಗಾದರೆ ಚಿಂತೆಯಿಲ್ಲ, ಯೀಸ್ಟು ಲ್ಯಾಬ್ ಬಿಟ್ಟು ಯಾರ ಹೊಟ್ಟೆಗೂ ಹೋಗಿಲ್ಲ ಎಂದ ಪರಮಾನಂದ. ಆಗ ನಾನು ಅಂಬಲಿಯ ಸುದ್ದಿ ಹೇಳಿದೆ. ನಿನಗೂ ದಿನಾ ಬುತ್ತಿಯಲ್ಲಿ ಅದೇ ಬರುತ್ತಿದೆಯಲ್ಲ ಎಂದೆ. ಅವನ ಮುಖದ ಬಣ್ಣ ಇಳಿಯಿತು.

ನಮ್ಮ ಕಾರ್ಖಾನೆ ದಿಬ್ಬದ ಮೇಲಿದೆ. ತೋಟ ಕೆಳಗಿನ ತಗ್ಗಿನಲ್ಲಿ. ಟ್ಯಾಂಕಿನಿಂದ ಹೊರಬೀಳುವ ಗ್ಯಾಸು ಗಾಳಿಗಿಂತ ಭಾರ; ನೀರು ಹರಿದಂತೆ ಇಳಿಜಾರು ಹಿಡಿದು ತಗ್ಗಿಗೇ ಹೋಗುತ್ತದೆ. ತಗ್ಗಿನಲ್ಲಿ ಅಕ್ಕ ಮತ್ತು ನಲವತ್ತು ಹೆಂಗಸರು ಗೊನೆ ಕೊಯ್ಯುತ್ತಿದ್ದರು.

ನಾವು ಕಂಟ್ರೋಲ್ ರೂಮಿಗೆ ಓಡಿ ಕ್ಯಾಮೆರಾ ನೋಡುವಷ್ಟರಲ್ಲಿ ಅವರು ಕೊಯ್ಯುವುದನ್ನು ನಿಲ್ಲಿಸಿದ್ದರು. ಸಾಲುಗಳ ನಡುವೆ ಎಲ್ಲರೂ ಒಂದೇ ಕಡೆ ಮುಖ ಮಾಡಿ ನಿಂತಿದ್ದರು. ತಲೆಯ ಸೆರಗು ಜಾರಿತ್ತು, ಕೂದಲು ಬಿಚ್ಚಿತ್ತು. ಬದುವಿನಲ್ಲಿ ಕಟ್ಟಿದ ಬೀಜದ ಹೋರಿ ಹಗ್ಗ ಜಗ್ಗುತ್ತಿತ್ತು. ಆ ಹೋರಿಯನ್ನು ಹಿಡಿಯಲು ಎಂಟು ಗಂಡಾಳು ಬೇಕು. ನನ್ನಂಥವನಾದರೆ ಒಬ್ಬನೇ ಸಾಕು, ಅದು ಬೇರೆ ಮಾತು. ಹೆಂಗಸರು ಅದರ ಮೇಲೆ ಬಿದ್ದರು. ಅದು ಒಂದೇ ಸಲ ಕೂಗಿತು. ಒಬ್ಬಾಕೆ ಮುಂಗಾಲನ್ನು ಭುಜದಿಂದ ಕಿತ್ತು ಹೆಗಲ ಮೇಲಿಟ್ಟುಕೊಂಡಳು. ಕರುಳು ದ್ರಾಕ್ಷಿಯ ತಂತಿಯ ಮೇಲೆ ತೂಗಾಡಿತು. ಯಾರೂ ಕಿರುಚಲಿಲ್ಲ, ಎಲ್ಲರ ಮುಖದಲ್ಲೂ ಹಬ್ಬದ ನಗೆ. ಜತ್ತಿನಿಂದ ಕ್ರೇಟು ಒಯ್ಯಲು ಬಂದಿದ್ದ ಟೆಂಪೊದ ಡ್ರೈವರ್, ಪರ ಊರಿನವನು, ನಮ್ಮ ಹೆಪ್ಪು ಉಂಡವನಲ್ಲ, ಬಾಗಿಲು ತೆಗೆದು ಇಳಿದು ನೋಡಿದ. ಅವನು ಮತ್ತೆ ಬಾಗಿಲು ಹಾಕಿಕೊಳ್ಳಲು ಆಗಲಿಲ್ಲ. ಅವನ ಕೆಂಪು ಶರ್ಟು ಸಾಲಿನಿಂದ ಸಾಲಿಗೆ ಹಂಚಿಹೋಗುವುದನ್ನು ಕಂಡೆ; ಶರ್ಟು ಮೊದಲು ಬಿಳಿಯದಿತ್ತು.

ಟ್ಯಾಂಕಿನ ಬಾಯಿ ಮುಚ್ಚಲು ಬರುವುದಿಲ್ಲ, ಮುಚ್ಚಿದರೆ ಗ್ಯಾಸಿಗೆ ಒಡೆಯುತ್ತದೆ. ಇದ್ದ ದಾರಿ ಒಂದೇ: ತಂಪು ಮಾಡಿ ಯೀಸ್ಟನ್ನು ಮಲಗಿಸುವುದು. ನಾನು ಕಾರ್ಖಾನೆಯ ಎಲ್ಲ ಚಿಲ್ಲರು ಯಂತ್ರಗಳ ತಂಪನ್ನೂ ಆ ಒಂದೇ ಟ್ಯಾಂಕಿಗೆ ತಿರುಗಿಸಿದೆ. ದೇವರು ನಡುಗತೊಡಗಿದ. ಆದರೆ ಅಷ್ಟು ದೊಡ್ಡ ಮೈ ಒಮ್ಮೆಲೇ ತಣ್ಣಗಾಗುವುದೆಲ್ಲಿ, ಅರ್ಧ ತಾಸಾದರೂ ಬೇಕಿತ್ತು.

ಅಷ್ಟರಲ್ಲಿ ಹೆಂಗಸರು ಊರ ದಾರಿಯತ್ತ ತಿರುಗಿದರು. ಊರಲ್ಲಿ ಎಲ್ಲರಿಗೂ ಹೆಪ್ಪು ಮುಟ್ಟಿತ್ತು, ಆದರೆ ಆವಿ ತಾಗಿರಲಿಲ್ಲ. ಈ ನಲವತ್ತೊಂದು ಮಂದಿಯ ಕಣ್ಣಿಗೆ ಊರೆಲ್ಲ ಕಾಡುಮೃಗ. ಶಾಲೆ ನಡೆಯುತ್ತಿದ್ದ ಹೊತ್ತು.

ಪರಮಾನಂದ ಗ್ಯಾಸಿನ ಮುಖವಾಡ ಹಾಕಿಕೊಂಡು, ಸೊಂಟಕ್ಕೆ ವಾಕಿಟಾಕಿ ಸಿಕ್ಕಿಸಿಕೊಂಡ. ಅವ್ವ ತಿರುಗಿದರೆ ಗ್ಯಾಂಗು ತಿರುಗುತ್ತದೆ, ಅವಳನ್ನು ಊರ ದಾರಿ ಬಿಡಿಸಿ ತೋಟಕ್ಕೆ ತಿರುಗಿಸುತ್ತೇನೆ ಎಂದ. ಡಾಕ್ಟರ್ ಅವನ ತೋಳು ಹಿಡಿದು ಹೇಳಿದ್ದನ್ನೇ ಮತ್ತೆ ಹೇಳಿದರು: ಮುಖವಾಡ ಹಾಕಿದರೆ ನೀನು ನೀನಾಗಿ ಉಳಿಯುತ್ತೀ, ಅದಕ್ಕೇ ಅವರು ನಿನ್ನನ್ನು ಕೊಲ್ಲುತ್ತಾರೆ. ಅವನು ಕೊಸರಿಕೊಂಡು ಇಳಿದ.

ಅವನು ದಾರಿಗೆ ಅಡ್ಡ ನಿಂತು ಅವ್ವನನ್ನು ಕೂಗಿ, ತೋಟದ ಕಡೆಗೆ ಓಡಿದ. ಇಡೀ ಗುಂಪು ಊರನ್ನು ಮರೆತು ಅವನ ಬೆನ್ನು ಹತ್ತಿತು. ಕ್ರೇಟು ತುಂಬಿದ ಟೆಂಪೊದ ಮೇಲೆ ಹತ್ತಿ ನಿಂತ. ಅವರು ಸುತ್ತ ಮುತ್ತಿದರು. ನಾನು ವಾಕಿಟಾಕಿ ಹಿಡಿದೆ.

“ಪರಮ್ಯಾ, ಮುಖವಾಡ ತಗಿ. ನೀನೂ ಅವ್ರೊಳಗ ಒಬ್ಬಾಂವ ಆಗ್ತಿ, ಜೀವ ಉಳೀತೈತಿ.”

“ನಾನೂ ಅವ್ರಂಗಾದ್ರ ಮಾಮಾ, ಕೂಡೇ ಸಾಲಿ ಹುಡುಗ್ರ ಮ್ಯಾಲೆ ಹೋಗ್ತೀನಿ,” ಎಂದ. ಉಬ್ಬಸದ ನಡುವೆ ನಕ್ಕಂತೆ ಕೇಳಿತು. “ನೀ ಟ್ಯಾಂಕ್ ನೋಡು. ಇನ್ನೊಂದು ಸ್ವಲ್ಪ ಹೊತ್ತು ಇವ್ರನ್ನ ಇಲ್ಲೇ ಹಿಡೀತೀನಿ.”

ಹಿಡಿದ. ಕ್ರೇಟುಗಳನ್ನು ಒಂದೊಂದಾಗಿ ಅವರತ್ತ ಎಸೆಯುತ್ತ, ಹೆಸರು ಹಿಡಿದು ಅವ್ವನನ್ನು, ಚಿಗವ್ವಂದಿರನ್ನು, ತನ್ನನ್ನು ಎತ್ತಿ ಆಡಿಸಿದವರನ್ನು ಕೂಗುತ್ತ ಹಿಡಿದ. ಪರದೆಯ ಮೇಲೆ ಅಂಕಿ ಇಳಿಯುತ್ತಿತ್ತು. ಕಡೆಗೆ ಅವರು ಟೆಂಪೊದ ಒಂದು ಮಗ್ಗುಲಿಗೆ ಹೆಗಲು ಕೊಟ್ಟು ಅದನ್ನು ಉರುಳಿಸಿದರು. ದ್ರಾಕ್ಷಿಯೊಳಗೆ ಬಿದ್ದವನು ಆಗ ಮುಖವಾಡ ಕಿತ್ತೆಸೆದ. ಉಸಿರಿಗಾಗಿ ಅಲ್ಲ, ಮುಖ ಕಾಣಲಿ ಎಂದು.

“ಅವ್ವಾ, ನಾ ಪರಮು ಅದೀನಿ.”

ಮೊದಲು ಕೈ ಹಾಕಿದವಳು ಅವ್ವನೇ. ಎಡಗಾಲನ್ನು ಅವನ ಪಕ್ಕೆಗೆ ಊರಿ, ಮಣಿಕಟ್ಟು ಹಿಡಿದು, ಹಳೆಯ ಬಳ್ಳಿ ಕೀಳುವಂತೆ ಕಿತ್ತಳು. ಆ ಸದ್ದು ವಾಕಿಟಾಕಿಯಲ್ಲಿ ಬಂತು. ಆಮೇಲೆ ಬಹಳ ಕೈಗಳು ಬಿದ್ದವು. ಪೂರ್ತಿ ನೋಡಿದವನು ನಾನು. ಡಾಕ್ಟರ್ ಗೋಡೆಗೆ ಮುಖ ಮಾಡಿ ನಿಂತಿದ್ದರು. ಇಷ್ಟು ವರ್ಷ ಇಲಿಯನ್ನು ಹುಲಿ ಮಾಡಿ ಹೇಳಿದ ನನಗೆ ಅದನ್ನು ಇದ್ದಕ್ಕಿಂತ ದೊಡ್ಡದು ಮಾಡುವ ಮಾತು ಇನ್ನೂ ಸಿಕ್ಕಿಲ್ಲ.

ಟ್ಯಾಂಕು ತಣ್ಣಗಾಯಿತು. ಗುಡುಗು ನಿಂತಿತು. ತಗ್ಗಿನಲ್ಲಿ ಹೆಂಗಸರು ಒಬ್ಬೊಬ್ಬರಾಗಿ ನೆಲಕ್ಕೆ ಕುಳಿತು ನಿದ್ದೆ ಹೋಗತೊಡಗಿದರು. ಒಬ್ಬಳು ಮಾತ್ರ ದಿಬ್ಬ ಹತ್ತಿ ಬರುತ್ತಿದ್ದಳು. ಸೀರೆಯ ಸೆರಗನ್ನು ಮಡಿಚಿ ಉಡಿ ಮಾಡಿಕೊಂಡು, ಬಾಗಿನ ತರುವವರು ಹಿಡಿಯುವಂತೆ ಎರಡೂ ಕೈಯಿಂದ ಹಿಡಿದಿದ್ದಳು. ಉಡಿ ತೊಟ್ಟಿಕ್ಕುತ್ತಿತ್ತು.

ಡಾಕ್ಟರ್ ನನಗೆ ಎರಡು ಮಾತು ಹೇಳಿದರು. ಅವಳ ಮೈಯಿಂದ ಇನ್ನೂ ಆವಿ ಹೋಗಿಲ್ಲ, ಮುಖವಾಡ ಹಾಕಿ ಹೋದರೆ ನಿನ್ನನ್ನೂ ಹರಿಯುತ್ತಾಳೆ. ಹೊರಗಿನ ಗಾಳಿಗೆ ಇನ್ನು ಸ್ವಲ್ಪ ಹೊತ್ತಿನಲ್ಲಿ ಎಚ್ಚರವಾಗುತ್ತದೆ. ಆಗ ಉಡಿಯಲ್ಲಿ ಇರುವುದನ್ನು ನೋಡುತ್ತಾಳೆ.

ನಾನು ಟ್ಯಾಂಕಿನ ಕೊಳವೆಯ ಬಾಯಿಗೆ ಹೋಗಿ ಉಳಿದ ಆವಿಯನ್ನು ಎದೆ ತುಂಬ ಎಳೆದುಕೊಂಡೆ. ಆಮೇಲೆ ಬರಿಮುಖದಲ್ಲಿ ಅಕ್ಕನ ಎದುರು ನಡೆದೆ.

“ನೋಡೋ ತಮ್ಮಾ ಗೊಲ್ಲಾಳ,” ಎಂದಳು. ಅಷ್ಟು ಚೆಲುವಾದ ನಗೆ ಆಕೆಯ ಮದುವೆಯಲ್ಲೂ ಕಂಡಿರಲಿಲ್ಲ. “ಎಂಥಾ ತೋಳ ಹೊಡದೀನಿ. ಸಾಲಿ ಹುಡುಗ್ರ ಕಡೆ ಹೊಂಟಿತ್ತು.”

ಉಡಿ ಬಿಚ್ಚಿದಳು. ನಾನು ನೋಡಿದೆ. ಬೂದು ಕೂದಲು, ಉದ್ದ ಮೂತಿ, ಹಲ್ಲು ಕಿರಿದ ತೋಳದ ತಲೆ. ನನಗೂ ಸಂತೋಷ ಉಕ್ಕಿಬಂತು, ಭಲೆ ಅಕ್ಕಾ ಎನ್ನಲು ಬಾಯಿ ತೆರೆದೆ. ಹೌದು, ಅಷ್ಟು ಹಿತವಾಗಿತ್ತು. ದಿಬ್ಬದ ಮೇಲೆ ಗಾಳಿ ಬೀಸಿತು. ಎರಡು ಉಸಿರಿನಲ್ಲಿ ಮೂತಿ ಕರಗಿ, ಆ ಮೂಗು ಕಂಡಿತು. ನಾನು ಎಳೆದುಕೊಂಡದ್ದು ಕಡಿಮೆ, ಬೇಗ ಎಚ್ಚರವಾಯಿತು. ಅಕ್ಕ ಇನ್ನೂ ನಗುತ್ತಿದ್ದಳು, ಆದರೆ ರೆಪ್ಪೆ ಒಂದೇ ಸಮ ಬಡಿಯತೊಡಗಿತ್ತು.

“ಅಕ್ಕಾ, ಆ ತೋಳ ನನಗ ಕೊಡು,” ಎಂದೆ. “ನಾನ ಹೊಡದೀನಿ ಅಂತ ಊರಾಗ ಹೇಳ್ತೀನಿ.”

“ನೀ ಏನ್ ಹೊಡದೀಯೋ. ಇಲಿ ಕಂಡ್ರ ಹಾಸಿಗಿ ಮ್ಯಾಲೆ ಹತ್ತಾಂವ ನೀ.”

“ಅದಕ್ಕ ಬೇಡಾಕತ್ತೀನಿ. ಹುಟ್ಟಿದಾಗಿಂದ ಒಂದೂ ಖರೇ ಶಿಕಾರಿ ಆಡಿಲ್ಲ ನಾ. ಇದೊಂದು ಕೊಡವಾ.”

ಅಕ್ಕ ತಲೆಯಾಡಿಸಿದಳು. ಚಿಕ್ಕಂದಿನಲ್ಲಿ ತನ್ನ ಪಾಲಿನ ಉಂಡಿ ಕೊಡುವಾಗ ಬೈದಂತೆ ಬೈಯುತ್ತ, ತಗೋ ಎಂದು ಎರಡೂ ಕೈಯಿಂದ ಎತ್ತಿ ನನ್ನ ಕೈಗೆ ಇಟ್ಟಳು. ಅದು ಇನ್ನೂ ಬೆಚ್ಚಗಿತ್ತು. ನಾನು ಎದೆಗವಚಿ ಹಿಂದೆ ಸರಿದೆ, ರಕ್ತವೆಲ್ಲ ನನ್ನ ಅಂಗಿಗೆ ಬಳಿದುಕೊಂಡೆ. ಟವೆಲ್ಲು ಸುತ್ತಲು ಹೋದೆ. ಒಂದೇ ಕೈಗೆ ನಿಲ್ಲದೆ ಟವೆಲ್ಲು ಜಾರಿ ಕೆಳಗೆ ಬಿತ್ತು.

ಅಕ್ಕ ತನ್ನ ಖಾಲಿ ಉಡಿ ನೋಡಿಕೊಂಡಳು. ದ್ರಾಕ್ಷಿರಸದ ಕಲೆ ಎಂಬಂತೆ ಉಜ್ಜಿದಳು. ಗ್ಯಾಂಗಿನವರು ಎಲ್ಲಿ ಎಂದು ಕೇಳಿದಳು. ಆಮೇಲೆ ನನ್ನ ಕಡೆ ನೋಡಿದಳು, ನನ್ನ ಕೈಯಲ್ಲಿರುವುದನ್ನು ನೋಡಿದಳು. ಬಹಳ ಹೊತ್ತು ನೋಡಿದಳು.

“ಇದನ್ನ ಯಾರು ಮಾಡಿದ್ರು?”

“ನಾ ಮಾಡೀನಿ ಅಕ್ಕಾ.”

ನನ್ನ ಆಯುಷ್ಯದಲ್ಲಿ ನಾನು ಹೇಳಿದ ಮಾತನ್ನು ಅಕ್ಕ ನಂಬಿದ್ದು ಅದೊಂದೇ ಸಲ.

ಪೊಲೀಸರು ನನ್ನನ್ನು ಒಯ್ದರು, ಕ್ಯಾಮೆರಾದಲ್ಲಿ ಇದ್ದದ್ದನ್ನು ನೋಡಿ ಬಿಟ್ಟು ಕಳಿಸಿದರು. ಡಾಕ್ಟರ್ ಕುಮುದಿನಿ ಮನೆಮನೆಗೆ ಹೋಗಿ ಹೆಪ್ಪಿನ ಗಡಿಗೆಗಳನ್ನು ಕುದಿಸಿದರು. ಊರಿಗೆ ಗ್ಯಾಸಿನ ಅಪಘಾತ ಎಂದು ಹೇಳಿದರು. ಗ್ಯಾಂಗಿನ ಯಾರಿಗೂ ಏನೂ ನೆನಪಿಲ್ಲ. ನಲ್ಲಿಯ ಮುಂದೆ ಜಗಳ ಮತ್ತೆ ಶುರುವಾಗಿದೆ, ಬದುವಿನ ಖಟ್ಲೆಯೂ. ಗ್ಯಾಸಿನ ಅಮಲಿನಲ್ಲಿ ತಮ್ಮನೇ ತನ್ನ ಮಗನನ್ನು ಕೊಂದ, ಸರಕಾರ ಅದನ್ನು ಮುಚ್ಚಿಹಾಕಿತು ಎಂದು ಅಕ್ಕ ತಿಳಿದಿದ್ದಾಳೆ. ಇದನ್ನೆಲ್ಲ ಯಾರಾದರೂ ಹೋಗಿ ಅವಳ ಮುಂದೆ ಬಿಚ್ಚಿಟ್ಟಾರು ಎಂಬ ಭಯ ನನಗಿಲ್ಲ. ಗೊಲ್ಲಾಳ ಹೇಳಿದ್ದು ಎಂದು ಗೊತ್ತಾದರೆ ಸಾಕು, ಆಕೆ ನಂಬುವುದಿಲ್ಲ.

ನಾಗರ ಪಂಚಮಿಗೆ ತಮ್ಮನಾದವನು ಅಕ್ಕನನ್ನು ತವರಿಗೆ ಕರೆಯಲು ಹೋಗಬೇಕು. ನಾನು ಪ್ರತಿ ವರ್ಷ ಹೋಗುತ್ತೇನೆ. ಅಂಗಳದಲ್ಲಿ ನಿಂತು ಅಕ್ಕಾ, ಕರಿಲಿಕ್ಕೆ ಬಂದೀನಿ ಎನ್ನುತ್ತೇನೆ. ಆಕೆ ಹೊಸ್ತಿಲಲ್ಲಿ ಕಾದು ಕುಳಿತಿರುತ್ತಾಳೆ, ಕಲ್ಲು ಆರಿಸಿಟ್ಟುಕೊಂಡು. ಈ ಸಲದ್ದು ಹುಬ್ಬಿನ ಮೇಲೆ ಬಿತ್ತು. ನಿಂಬೆಹಣ್ಣಿನಷ್ಟಿತ್ತು. ಹೋದ ವರ್ಷದ್ದಕ್ಕಿಂತ ಜೋರಾಗಿ ಬಂತು. ಇನ್ನೂ ಬಹಳ ವರ್ಷ ಬಾಳುತ್ತಾಳೆ.